ಹಿಮದ ಬೆಟ್ಟ ಹತ್ತಿ ಬಿಸಿನೀರ ಬುಗ್ಗೆಗೆ ಇಳಿಯುವವರಿಗೆ

ಹಿಮ ಬಿದ್ದ ಬೆಟ್ಟದಲ್ಲಿ ಮೂರು-ನಾಲ್ಕು ಗಂಟೆ ನಡೆದು, ಕೊನೆಗೆ ಕುತ್ತಿಗೆಮಟ್ಟ ಬಿಸಿನೀರಿನಲ್ಲಿ ಕೂರುವುದಕ್ಕಿಂತ ದೊಡ್ಡ ಸುಖ ಚಾರಣದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಮುಖಕ್ಕೆ ಕೊರೆಯುವ ಗಾಳಿ, ಕೆಳಗೆ ಮೈಯ ಒಂದೊಂದು ಕೀಲೂ ಸಡಿಲಾಗುವಂಥ ಬಿಸಿ. ಇಂಥ ಕಡೆ ಹೊರಡುವವರು ಹತ್ತುವ ದಾರಿಯ ಬಗ್ಗೆ ಸಾಕಷ್ಟು ಯೋಚಿಸಿರುತ್ತಾರೆ. ನೀರಿನಿಂದ ಎದ್ದ ಮೇಲಿನ ಹತ್ತು ನಿಮಿಷದ ಬಗ್ಗೆ ಮಾತ್ರ ಯೋಚಿಸಿರುವುದಿಲ್ಲ. ಮೈ ಒದ್ದೆ, ಕಾಲು ಬರಿದು, ಗಾಳಿ ಸೊನ್ನೆ ಡಿಗ್ರಿಗಿಂತ ಕೆಳಗೆ, ಬಂದ ದಾರಿಯಷ್ಟೂ ಮತ್ತೆ ನಡೆಯುವುದು ಬಾಕಿ. ಒಣಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯಿಂದ ಶಾಖ ಎಳೆದುಕೊಳ್ಳುತ್ತದೆ. ಹಾಗಾಗಿ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಚೀಲದಲ್ಲಿ ಏನಿರಬೇಕು ಎಂಬ ಎಲ್ಲ ತೀರ್ಮಾನವನ್ನೂ ಆ ಹತ್ತು ನಿಮಿಷವನ್ನು ಕಣ್ಣಮುಂದೆ ಇಟ್ಟುಕೊಂಡೇ ಮಾಡಬೇಕು. ಈ ಲೇಖನ ಬರೆದಿರುವುದೂ ಹಾಗೆಯೇ.

1. ಬುಗ್ಗೆಯನ್ನು ಆರಿಸಿಕೊಳ್ಳಿ

ಮಳೆಯ ನೀರು, ಹಿಮ ಕರಗಿದ ನೀರು ಬಿರುಕುಗಳ ಮೂಲಕ ನೆಲದಾಳಕ್ಕೆ ಇಳಿಯುತ್ತದೆ. ಕೆಳಗೆ ಹೋದಂತೆಲ್ಲ ಭೂಮಿಯ ಶಾಖ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೀಗೆ ಕಾದ ನೀರಿಗೆ ಬೇಗ ಮೇಲೆ ಬರಲು ದಾರಿ ಸಿಕ್ಕಿದ ಕಡೆ ಬಿಸಿನೀರ ಬುಗ್ಗೆ ಹುಟ್ಟುತ್ತದೆ. ಐಸ್‌ಲ್ಯಾಂಡ್, ಜಪಾನ್‌ನಂಥ ಕಡೆ ನೀರನ್ನು ಕಾಯಿಸುವುದು ಜ್ವಾಲಾಮುಖಿಯ ಶಿಲಾಪಾಕ. ಹಿಮಾಚಲದ ಮಣಿಕರಣ್, ಖೀರ್‌ಗಂಗಾ ಬುಗ್ಗೆಗಳ ಹಿಂದೆ ಜ್ವಾಲಾಮುಖಿಯಿಲ್ಲ. ಹಿಮಾಲಯವನ್ನು ಎತ್ತಿದ ಒತ್ತಡದಿಂದ ಬಂಡೆಗಳಲ್ಲಿ ಬಿದ್ದ ಸ್ತರಭಂಗಗಳೇ, ಅಂದರೆ ಆಳವಾದ ಸೀಳುಗಳೇ, ಅಲ್ಲಿನ ನೀರಿಗೆ ದಾರಿ. ಚಾರಣಿಗನಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಒಂದು ಬುಗ್ಗೆಯ ನೀರು ಎಷ್ಟು ಬಿಸಿ ಇದೆ, ಅದರಲ್ಲಿ ಏನು ಕರಗಿದೆ ಎಂಬುದು ಆ ಜಾಗದ ನೆಲದಾಳವನ್ನು ಅವಲಂಬಿಸಿದೆ. ಪಕ್ಕಪಕ್ಕದ ಎರಡು ಹೊಂಡಗಳಲ್ಲಿ ಒಂದು ಮೀಯಲು ಹಿತವಾಗಿದ್ದು ಇನ್ನೊಂದು ಚರ್ಮ ಕಿತ್ತುಬರುವಷ್ಟು ಕಾದಿರಬಹುದು.

ಆದ್ದರಿಂದ ಮೊದಲ ನಿಯಮ: ಬೇರೆಯವರು ನಿಯಮಿತವಾಗಿ ಮೀಯುವ, ಅಲ್ಲಿನ ಅರಣ್ಯ ಇಲಾಖೆ ಅಥವಾ ಉದ್ಯಾನದ ಆಡಳಿತ ಮೀಯಲು ಬಿಡುವ ಬುಗ್ಗೆಗೆ ಮಾತ್ರ ಹೋಗಿ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬುಗ್ಗೆಗಳಲ್ಲಿ ಇಳಿಯುವುದು ನಿಷಿದ್ಧ. ಅಲ್ಲಿ ಕಾದ ನೀರಿಗೆ ಬಿದ್ದು ಅಥವಾ ಇಳಿದು ಸುಟ್ಟು ಸತ್ತವರು 20ಕ್ಕೂ ಹೆಚ್ಚು. ಹಲವು ಕಡೆ ನೆಲವೆಂದು ಕಾಣುವುದು ಖನಿಜದ ತೆಳು ಪದರ, ಅದರಡಿಯಲ್ಲಿ ಕುದಿನೀರು. ನಕ್ಷೆಯಲ್ಲಿ ಎಲ್ಲೋ ಹೆಸರಿಲ್ಲದ ಬುಗ್ಗೆಯೊಂದು ಕಂಡಿತೆಂದು ಚಳಿಗಾಲದಲ್ಲಿ ಹುಡುಕಿಕೊಂಡು ಹೋಗುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಮೊದಲ ಸಲ ಹೋಗುವವರು ದಾರಿ ಚಿಕ್ಕದಿರುವ ಬುಗ್ಗೆಯನ್ನೇ ಆರಿಸಿಕೊಳ್ಳಿ. ಐಸ್‌ಲ್ಯಾಂಡಿನ ರೇಕ್ಯಾದಾಲುರ್ ಕಣಿವೆ ಇದಕ್ಕೆ ಒಳ್ಳೆಯ ಉದಾಹರಣೆ. ಹ್ವೇರಾಗೆರ್ದಿ ಪಟ್ಟಣದ ಅಂಚಿನಿಂದ ಮೂರು-ಮೂರೂವರೆ ಕಿಲೋಮೀಟರ್ ನಡೆದರೆ ಬಿಸಿನೀರು, ತಣ್ಣೀರು ಬೆರೆತು ಹರಿಯುವ ತೊರೆ ಸಿಗುತ್ತದೆ. ಬಿಸಿ ಹೆಚ್ಚು ಬೇಕಿದ್ದರೆ ತೊರೆಯುದ್ದಕ್ಕೂ ಮೇಲಕ್ಕೆ, ಕಡಿಮೆ ಬೇಕಿದ್ದರೆ ಕೆಳಕ್ಕೆ ಹೋಗಿ ಕೂತರಾಯಿತು. ಹೀಗೆ ಹರಿದು ಬೆರೆಯುವ ನೀರು ಒಂದೇ ಕಡೆ ನಿಂತ ಹೊಂಡಕ್ಕಿಂತ ಸುರಕ್ಷಿತ, ಶುಚಿ ಕೂಡ. ಬುಗ್ಗೆಯ ಹತ್ತಿರ ಬಟ್ಟೆ ಬದಲಿಸಲು ಒಂದು ಗೋಡೆಯಾಗಲಿ ಚಾವಣಿಯಾಗಲಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗಾಳಿಗೆ ಒಂದು ಮರೆ ಇದ್ದರೆ ಅರ್ಧ ಕಷ್ಟ ಕಳೆದಂತೆ.

2. ದಾರಿಯನ್ನೂ ಹೊತ್ತನ್ನೂ ಲೆಕ್ಕ ಹಾಕಿ

ಸ್ಕಾಟ್‌ಲ್ಯಾಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಸರಿಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿ ನೆಲದಲ್ಲಿ ಗಟ್ಟಿಗರು ನಡೆಯುವ ಲೆಕ್ಕ. ಮೊಣಕಾಲಿನವರೆಗೆ ಹೂತುಹೋಗುವ ಹಿಮದಲ್ಲಿ ಅದನ್ನು ಎರಡರಿಂದ ಗುಣಿಸಿ. ಬಂದ ಮೊತ್ತಕ್ಕೆ ಬುಗ್ಗೆಯ ಬಳಿ ಕಳೆಯುವ ಹೊತ್ತನ್ನು ಸೇರಿಸಿ. ಸ್ನಾನ ಹದಿನೈದು ನಿಮಿಷದ್ದಾದರೂ ಬಟ್ಟೆ ಬಿಚ್ಚಿ, ಒರೆಸಿ, ಮತ್ತೆ ಎಲ್ಲ ತೊಟ್ಟು ಹೊರಡುವಷ್ಟರಲ್ಲಿ ಒಂದೂವರೆ ಗಂಟೆ ಆಗಿರುತ್ತದೆ.

ಈಗ ಕೊನೆಯಿಂದ ಹಿಂದಕ್ಕೆ ಬನ್ನಿ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲು ಕೆಳಗೆ ತಲುಪಿರಬೇಕು ಎಂದಿಟ್ಟುಕೊಳ್ಳಿ. ಅಲ್ಲಿಂದ ಲೆಕ್ಕ ಹಾಕಿದರೆ ಬುಗ್ಗೆಗೆ ಇಳಿಯುವ ಹೊತ್ತು ಬಹುತೇಕ ನಡುಮಧ್ಯಾಹ್ನಕ್ಕೇ ಬಂದು ನಿಲ್ಲುತ್ತದೆ. ಸೂರ್ಯ ಮುಳುಗುವಾಗ ಹಬೆಯ ನಡುವೆ ಕೂರುವ ಆಸೆ ಯಾರಿಗೂ ಆಗುತ್ತದೆ. ರಾತ್ರಿ ತಂಗುವ ಜಾಗ ಬುಗ್ಗೆಯ ಪಕ್ಕದಲ್ಲೇ ಇದ್ದರೆ ಧಾರಾಳವಾಗಿ ಕೂರಿ. ಕೆಳಗಿಳಿಯಬೇಕಾಗಿದ್ದರೆ ಬೇಡ. ಗಾಳಿ ತುಸು ಬೆಚ್ಚಗಿರುವ, ಬಿಸಿಲು ಬೆನ್ನಿಗೆ ಬೀಳುವ ಹೊತ್ತಿನಲ್ಲಿ ಮೈ ಒರೆಸಿಕೊಳ್ಳುವುದೇ ಕ್ಷೇಮ.

ಹವಾಮಾನ ನೋಡುವಾಗ ಬೆಟ್ಟದ ಬುಡದ ಊರಿನ ಅಂಕಿ ನೋಡಿ ಮೋಸಹೋಗಬೇಡಿ. ಪ್ರತಿ 1000 ಮೀಟರ್ ಏರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಚಳಿ. ನಡೆಯುವುದಕ್ಕೆ ಅಡ್ಡಿಯಿಲ್ಲದಂಥ ಗಾಳಿಯೂ ಒದ್ದೆ ಮೈಯಲ್ಲಿ ನಿಲ್ಲಲು ಬಿಡುವುದಿಲ್ಲ. ಅಂಥ ದಿನ ಬುಗ್ಗೆಯವರೆಗೆ ನಡೆದು, ಕಾಲನ್ನಷ್ಟೇ ಅದ್ದಿ ವಾಪಸ್ ಬನ್ನಿ.

ಹಿಮಕುಸಿತದ ಬಗ್ಗೆ ಒಂದಿಷ್ಟು ತಿಳಿದೇ ಹೊರಡಬೇಕು. ಪದರಪದರವಾಗಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಿಮ್ಮ ಕಾಲುದಾರಿ ಸಮತಟ್ಟಾಗಿದ್ದ ಮಾತ್ರಕ್ಕೆ ನಿರಾಳವಾಗಬೇಡಿ, ತಲೆಯ ಮೇಲಿನ ಇಳಿಜಾರು ಎಷ್ಟು ಕಡಿದು ಎಂದು ನೋಡಿ. ಬಿಸಿನೀರ ಬುಗ್ಗೆಗಳು ಕಣಿವೆಯ ತಳದಲ್ಲಿ, ಕಡಿದಾದ ಗೋಡೆಗಳ ನಡುವೆ ಇರುವುದೇ ಹೆಚ್ಚಾದ್ದರಿಂದ ಈ ಮಾತು ಇಲ್ಲಿ ಇನ್ನಷ್ಟು ಮುಖ್ಯ. ಜೋರು ಹಿಮ ಸುರಿದ ಮೇಲಿನ ಒಂದೆರಡು ದಿನ ಅತಿ ಅಪಾಯದ್ದು. ಮುನ್ಸೂಚನೆ ಐದು ಹಂತಗಳಲ್ಲಿ ಬರುತ್ತದೆ. ಮೂರನೇ ಹಂತವನ್ನು ‘ಮಧ್ಯಮ’ ಅಂದುಕೊಂಡು ಹೊರಡುವವರಿದ್ದಾರೆ, ಸಾವುಗಳು ಹೆಚ್ಚಾಗಿ ಆಗುವುದು ಆ ಹಂತದಲ್ಲೇ. ಆ ದಿನ ದಾರಿ ಬದಲಿಸಿ, ಇಲ್ಲವೇ ಹೊರಡಲೇಬೇಡಿ. ಅಂಥ ಇಳಿಜಾರಿನ ಕೆಳಗೆ ಹೋಗಲೇಬೇಕಿದ್ದರೆ ಪ್ರತಿಯೊಬ್ಬರ ಮೈಮೇಲೂ ಟ್ರಾನ್ಸೀವರ್ (ಹಿಮದಡಿ ಹೂತವರ ಜಾಗ ಪತ್ತೆಮಾಡುವ ರೇಡಿಯೋ ಸಾಧನ), ಚೀಲದಲ್ಲಿ ಶೋಧಕೋಲು, ಸಲಿಕೆ ಇರಬೇಕು, ಬಳಸಲು ಕಲಿತೂ ಇರಬೇಕು. ಹೂತವರನ್ನು ಬದುಕಿಸಲು ಸಿಗುವುದು ಮೊದಲ ಹತ್ತು-ಹದಿನೈದು ನಿಮಿಷ ಮಾತ್ರ. ಹೊರಗಿನಿಂದ ಸಹಾಯ ಬರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ.

ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಕೆಳಗೆ ಉಳಿಯುವ ಒಬ್ಬರಿಗೆ ಬರೆದು ಕೊಡಿ.

3. ಚೀಲ ಕಟ್ಟಿಕೊಳ್ಳಿ

ಒಂದೇ ಬೆನ್ನುಚೀಲದಲ್ಲಿ ಎರಡು ಗಂಟು ಇರಲಿ. ಮೊದಲನೆಯದು ನಡಿಗೆಯದು. ಮೈಗಂಟುವ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಲಿ. ಹತ್ತಿ ಬೇಡ, ಒಮ್ಮೆ ಬೆವರು ಹೀರಿದರೆ ಚಳಿಯಲ್ಲಿ ಅದು ಒಣಗುವುದೇ ಇಲ್ಲ. ಅದರ ಮೇಲೊಂದು ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ಬೂಟಿನಡಿ ಸಿಕ್ಕಿಸುವ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್, ಗಟ್ಟಿ ಮಂಜುಗಡ್ಡೆಯ ಕಡಿದಾದ ಇಳಿಜಾರಿದ್ದರೆ ಉದ್ದ ಮುಳ್ಳಿನ ಕ್ರಾಂಪನ್. ಹಿಮ ಬೂಟಿನೊಳಗೆ ಹೋಗದಂತೆ ಗೈಟರ್, ಕೈಯಲ್ಲಿ ಕೋಲು, ಎರಡು ಜೊತೆ ಕೈಗವಸು, ಹೆಡ್‌ಲ್ಯಾಂಪ್, ಕಪ್ಪು ಕನ್ನಡಕ, ನಕ್ಷೆ. ಇವೆಲ್ಲ ಯಾವ ಚಳಿಗಾಲದ ಚಾರಣಕ್ಕೂ ಬೇಕಾದುವೇ, ಹೆಚ್ಚು ಹೇಳುವುದಿಲ್ಲ.

ಎರಡನೆಯ ಗಂಟು ನೀರಿನಿಂದ ಎದ್ದ ಮೇಲಿನದು. ಇದನ್ನು ನೀರು ಹೋಗದ ಬೇರೆಯೇ ಚೀಲದಲ್ಲಿ ಕಟ್ಟಿ, ಬುಗ್ಗೆ ತಲುಪುವವರೆಗೆ ಬಿಚ್ಚಬೇಡಿ. ದಾರಿಯಲ್ಲಿ ಚಳಿಯಾಯಿತೆಂದು ಇದರಿಂದ ಒಂದು ಬಟ್ಟೆ ತೆಗೆದು ಹಾಕಿಕೊಂಡರೆ ಅದು ಬೆವರಿಗೆ ಒದ್ದೆಯಾಗುತ್ತದೆ, ಆಮೇಲೆ ನಿಮಗೆ ಒಣಬಟ್ಟೆಯೇ ಇರುವುದಿಲ್ಲ. ಇದರಲ್ಲಿ ಇರಬೇಕಾದ್ದು: ಪೂರ್ತಿ ಒಣಗಿದ ಒಳಪದರ ಒಂದು ಜೊತೆ, ದಪ್ಪ ಉಣ್ಣೆಯ ಕಾಲುಚೀಲ, ಮೇಲೆ ಹಾಕಿಕೊಳ್ಳಲು ದಪ್ಪನೆಯ ತುಪ್ಪುಳದ ಅಥವಾ ಸಿಂಥೆಟಿಕ್ ಜಾಕೆಟ್, ಕಿವಿ ಮುಚ್ಚುವ ಟೋಪಿ, ಬೇಗ ಒಣಗುವ ಟವೆಲ್ ಎರಡು, ಕಾಲಿಟ್ಟು ನಿಲ್ಲಲು ಫೋಮಿನ ಚಾಪೆಯ ತುಂಡು, ಗಟ್ಟಿ ಅಡಿಯ ರಬ್ಬರ್ ಚಪ್ಪಲಿ, ಒದ್ದೆ ಬಟ್ಟೆ ತುಂಬಲು ಪ್ಲಾಸ್ಟಿಕ್ ಚೀಲ, ಬಿಸಿ ಪಾನೀಯ ತುಂಬಿದ ಥರ್ಮಾಸ್ ಫ್ಲಾಸ್ಕ್, ಒಂದು ಪುಟ್ಟ ಥರ್ಮಾಮೀಟರ್. ತುಪ್ಪುಳದ ಜಾಕೆಟ್ ಒದ್ದೆಯಾದರೆ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಬುಗ್ಗೆಯ ಹಬೆಯಲ್ಲಿ ಬಿಚ್ಚಿಡಬೇಕಾಗುವುದರಿಂದ ಸಿಂಥೆಟಿಕ್ಕೇ ವಾಸಿ. ಈಜುಡುಗೆ ತೊಡುವ ಕಡೆಯಾದರೆ ಅದನ್ನು ಮನೆಯಿಂದಲೇ ಒಳಗೆ ತೊಟ್ಟು ಹೊರಡಬೇಡಿ. ದಾರಿಯುದ್ದಕ್ಕೂ ಬೆವರು ಹಿಡಿದಿಟ್ಟುಕೊಳ್ಳುತ್ತದೆ.

4. ಬೆವರದಂತೆ ನಡೆಯಿರಿ

ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಬೆಚ್ಚಗಿದ್ದೇ ಹೊರಟರೆ ಹತ್ತು ನಿಮಿಷಕ್ಕೆ ಬೆವರುತ್ತೀರಿ. ಏರು ಶುರುವಾಗುವ ಮುನ್ನ ಒಂದು ಪದರ ಬಿಚ್ಚಿ, ನಿಂತಾಗ ಮತ್ತೆ ಹಾಕಿಕೊಳ್ಳಿ. ಇದು ಪದೇಪದೇ ಮಾಡುವ ಕೆಲಸ, ಬೇಸರಪಡದೆ ಮಾಡಿ. ಮಾತಾಡಿಕೊಂಡು ನಡೆಯಲು ಆಗುವಷ್ಟೇ ವೇಗ ಸಾಕು.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲ್ಭಾಗದಿಂದ ಕಟ್ಟುತ್ತದೆ, ಆಗ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಕೊಳವೆಯಿಂದ ಹೀರುವ ಚೀಲಗಳು ಈ ಚಳಿಗೆ ನಡೆಯುವುದಿಲ್ಲ, ಕೊಳವೆಯೇ ಹೆಪ್ಪುಗಟ್ಟುತ್ತದೆ. ಚಳಿಯಲ್ಲಿ ಬಾಯಾರಿಕೆ ಕಾಣದಿದ್ದರೂ ಕುಡಿಯುತ್ತಿರಿ. ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಬಿಸಿನೀರಿಗೆ ಇಳಿದವರಿಗೆ ತಲೆಸುತ್ತು ಬೇಗ ಬರುತ್ತದೆ. ಫೋನನ್ನು ಒಳಜೇಬಿನಲ್ಲಿ ಮೈಗೆ ಒತ್ತಿಕೊಂಡಂತೆ ಇಡಿ, ಚಳಿಗೆ ಬ್ಯಾಟರಿ ದಿಢೀರನೆ ಖಾಲಿಯಾಗುತ್ತದೆ. ದಾರಿ 2500 ಮೀಟರಿಗಿಂತ ಎತ್ತರಕ್ಕೆ ಹೋಗುವುದಾದರೆ ಒಂದೆರಡು ರಾತ್ರಿ ನಡುವಿನ ಎತ್ತರದಲ್ಲಿ ತಂಗಿ ಮೈಯನ್ನು ಒಗ್ಗಿಸಿಕೊಳ್ಳಿ. ತಲೆನೋವು, ವಾಕರಿಕೆ ಇರುವವರು ಬುಗ್ಗೆಗೆ ಇಳಿಯಬಾರದು, ಕೆಳಗಿಳಿಯಬೇಕು.

ವಾಪಸ್ ತಿರುಗುವ ಗಂಟೆಯನ್ನು ಬೆಳಿಗ್ಗೆಯೇ ನಿಗದಿ ಮಾಡಿಕೊಂಡಿರಿ. ಆ ಗಂಟೆ ಆದಾಗ ಹಬೆ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ.

5. ಇಳಿಯುವ ಮುನ್ನ ಕಾಲು ಗಂಟೆ

ಬುಗ್ಗೆ ಕಂಡ ಕೂಡಲೇ ಓಡಬೇಡಿ. ಸುತ್ತಲಿನ ಬಂಡೆಗಳ ಮೇಲೆ ಹಬೆ ಹೆಪ್ಪುಗಟ್ಟಿ ಗಾಜಿನಂಥ ಪದರ ಕೂತಿರುತ್ತದೆ. ಹಿಮ ಕೆಳಗಿನಿಂದ ಕರಗಿ ಟೊಳ್ಳಾಗಿರುತ್ತದೆ. ಸ್ಪೈಕ್ ಬಿಚ್ಚದೆ, ಕೋಲಿನಿಂದ ಕುಟ್ಟಿ ನೋಡುತ್ತ, ಹಳೆಯ ಹೆಜ್ಜೆಯ ಜಾಡಿನಲ್ಲೇ ಹತ್ತಿರ ಹೋಗಿ.

ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ತೆರೆದ ಜಾಗದಲ್ಲಿ ತುಸು ವಾಸನೆ ಸಹಜ. ಆದರೆ ಪ್ರಮಾಣ ಹೆಚ್ಚಾದಾಗ ಈ ಅನಿಲ ಮೂಗನ್ನೇ ಮರಗಟ್ಟಿಸುತ್ತದೆ, ವಾಸನೆ ನಿಂತಿತೆಂದರೆ ಅಪಾಯ ಹೋಯಿತೆಂದಲ್ಲ. ಕಾರ್ಬನ್ ಡೈಆಕ್ಸೈಡಿಗಂತೂ ವಾಸನೆಯೇ ಇಲ್ಲ. ಎರಡೂ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತವೆ. 2006ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಪರ್ವತದಲ್ಲಿ ಜ್ವಾಲಾಮುಖಿ ಅನಿಲ ಹೊಮ್ಮುವ ರಂಧ್ರದ ಸುತ್ತ ಹಿಮ ಕರಗಿ ಆಗಿದ್ದ ಗುಂಡಿಗೆ ಬಿದ್ದ ಸ್ಕೀ ಗಸ್ತಿನವರನ್ನು ಉಳಿಸಲು ಹೋದವರೂ ಸೇರಿ ಮೂವರು ಪ್ರಾಣ ಕಳೆದುಕೊಂಡರು. ನುರಿತವರಿಗೇ ಹೀಗಾಗಿದೆ. ಗಾಳಿಯಾಡದ ತಗ್ಗಿನಲ್ಲಿರುವ, ಹಿಮದ ಗೋಡೆ ಸುತ್ತುವರಿದ ಹೊಂಡಕ್ಕೆ ಇಳಿಯಲೇಬೇಡಿ.

ಆಮೇಲೆ ನೀರಿನ ಬಿಸಿ. ಹಿತವಾದದ್ದು 37ರಿಂದ 40 ಡಿಗ್ರಿ. ಅದಕ್ಕೆ ಮೇಲೆ ಹೋದಂತೆ ಮೈಯೊಳಗಿನ ಶಾಖ ಬೇಗ ಏರುತ್ತದೆ. 43 ದಾಟಿದ ನೀರನ್ನು ನಾನು ಕೈಬಿಡುತ್ತೇನೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಗುಳ್ಳೆ ಏಳುವುದನ್ನು ನೋಡಿ ಬಿಸಿ ಅಳೆಯಲಾಗದು: ತಣ್ಣನೆಯ ನೀರಿನಲ್ಲೂ ಅನಿಲದ ಗುಳ್ಳೆ ಏಳಬಹುದು, ಸುಡುವ ನೀರು ಕದಲದೆ ನಿಂತಿರಬಹುದು. ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಮೇಲೆ, ತಳದಲ್ಲಿ, ನೀರು ಒಸರುವ ಬಾಯಿಯ ಬಳಿ ಅಳೆಯಿರಿ. ತಳದ ಕೆಸರಿನಡಿ ಬಿಸಿನೀರು ಚಿಮ್ಮುವ ತೂತುಗಳಿರುತ್ತವೆ. ಚಳಿಗೆ ಮರಗಟ್ಟಿದ ಕೈಯಿಂದಾಗಲಿ ಕಾಲಿನಿಂದಾಗಲಿ ಬಿಸಿ ಪರೀಕ್ಷಿಸಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಬೆಚ್ಚಗಿರುವ ಮೊಣಕೈ ಬಳಸಿ.

ಕೆಲವು ಬುಗ್ಗೆಗಳ ನೀರು ಬಲವಾದ ಆಮ್ಲ. ಜಪಾನಿನ ತಮಗಾವಾ ಬುಗ್ಗೆಯ ಪಿಎಚ್ ಸುಮಾರು 1.2 (ಈ ಅಂಕಿ 7ಕ್ಕಿಂತ ಇಳಿದಷ್ಟೂ ಆಮ್ಲ ಹೆಚ್ಚು). ಮೈಮೇಲೆ ಗಾಯವಿದ್ದರೆ ಉರಿಯುತ್ತದೆ, ಕಣ್ಣಿಗೆ ತಾಗಬಾರದು. ಗಂಧಕವಿರುವ ನೀರಿಗೆ ಬೆಳ್ಳಿ ಒಡವೆ ಕಪ್ಪಾಗುವುದರಿಂದ ತೆಗೆದಿಡಿ.

ಈಗ ಬಟ್ಟೆ ಜೋಡಿಸಿಕೊಳ್ಳಿ. ಚಾಪೆ ಹಾಸಿ, ಮೊದಲು ತೊಡಬೇಕಾದ್ದು ಎಲ್ಲಕ್ಕಿಂತ ಮೇಲೆ ಬರುವಂತೆ ಪೇರಿಸಿ: ಟವೆಲ್, ಮೇಲಂಗಿ, ಜಾಕೆಟ್, ಕೆಳಗಿನ ಒಳಪದರ, ಪ್ಯಾಂಟ್, ಕಾಲುಚೀಲ. ಬೂಟಿನ ದಾರ ಪೂರ್ತಿ ಸಡಿಲಿಸಿ ಬಾಯಿ ಅಗಲವಾಗಿ ತೆರೆದು, ಹಬೆ ತಾಗದಂತೆ ಚೀಲದೊಳಗೆ ಇಡಿ. ಹೆಪ್ಪುಗಟ್ಟಿದ ಬೂಟಿನೊಳಗೆ ಕಾಲು ತೂರಿಸುವುದು ಬಹಳ ಕಷ್ಟ. ಕೈಗವಸನ್ನು ಜಾಕೆಟ್ಟಿನ ಜೇಬಿಗೆ ಹಾಕಿ. ಉಣ್ಣೆ ಟೋಪಿ ತಲೆಯ ಮೇಲೆಯೇ ಇರಲಿ, ಅದನ್ನು ತೊಟ್ಟೇ ನೀರಿಗಿಳಿಯಿರಿ.

6. ನೀರಿನಲ್ಲಿ

ಚಪ್ಪಲಿ ತೊಟ್ಟೇ, ಅಂಚಿಗೆ ಕೂತು, ಕಾಲಿನಿಂದ ಶುರುಮಾಡಿ ನಿಧಾನವಾಗಿ ಇಳಿಯಿರಿ. ನೀರಿಗೆ ಹಾರಬೇಡಿ.

ತಲೆ ಮುಳುಗಿಸಬೇಡಿ. ಒದ್ದೆ ಕೂದಲು ಹೊರಗೆ ಬಂದ ಕೂಡಲೇ ಹೆಪ್ಪುಗಟ್ಟುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಗಂಭೀರವಾದದ್ದು ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ. ಬೆಚ್ಚಗಿನ ಸಿಹಿನೀರಿನಲ್ಲಿ, 46 ಡಿಗ್ರಿಯವರೆಗೂ ಬೆಳೆಯಬಲ್ಲದು. ನೀರು ಮೂಗಿಗೆ ಏರಿದರೆ ಅದು ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಸೋಂಕು ತೀರಾ ಅಪರೂಪ, ಆದರೆ ತಗುಲಿದವರಲ್ಲಿ ಬದುಕುಳಿಯುವವರು ತೀರಾ ಕಡಿಮೆ. ನೀರು ಕುಡಿದರೆ ಈ ಸೋಂಕು ತಗಲುವುದಿಲ್ಲ, ಮೂಗಿನ ದಾರಿಯೊಂದೇ. ಮೂಗನ್ನು ನೀರಿನಿಂದ ಮೇಲಿಟ್ಟುಕೊಂಡರೆ ಸಾಕು.

ಈಜಬಹುದೇ? ನೀರು 30ರ ಆಸುಪಾಸಿನಲ್ಲಿದ್ದು ಆಳ ತಿಳಿದಿದ್ದರೆ ತಲೆ ಎತ್ತಿ ನಿಧಾನವಾಗಿ ಈಜಿ. ಅಂತರರಾಷ್ಟ್ರೀಯ ಈಜು ಒಕ್ಕೂಟದ ನಿಯಮದಂತೆ ತೆರೆದ ನೀರಿನ ಸ್ಪರ್ಧೆಯಲ್ಲಿ ನೀರು 31 ಡಿಗ್ರಿ ಮೀರುವಂತಿಲ್ಲ. ಅದಕ್ಕೆ ಮೇಲೆ ಕೈಕಾಲು ಜೋರಾಗಿ ಆಡಿಸಿದಾಗ ಹುಟ್ಟುವ ಶಾಖ ಮೈಯಿಂದ ಹೊರಹೋಗಲು ದಾರಿಯಿಲ್ಲ, ಏಕೆಂದರೆ ನೀರಿನೊಳಗೆ ಬೆವರು ಆರುವುದಿಲ್ಲ. 38-40ರ ನೀರಿನಲ್ಲಿ ಸುಮ್ಮನೆ ತೇಲಿ.

ಹತ್ತು-ಹದಿನೈದು ನಿಮಿಷ ಸಾಕು. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಹೆಚ್ಚು ಕೂತಷ್ಟೂ ಏಳುವಾಗ ಕಣ್ಣು ಕತ್ತಲೆ ಬರುವ ಸಂಭವ ಹೆಚ್ಚು. ಮದ್ಯ ಇದಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು. ಹೃದಯದ ತೊಂದರೆಯವರು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಹೊರಡುವ ಮೊದಲೇ ವೈದ್ಯರನ್ನು ಕೇಳಿರಬೇಕು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಐದು ನಿಮಿಷಕ್ಕೊಮ್ಮೆ ಅವರನ್ನು ಮೇಲೆತ್ತಿ ಸುತ್ತಿ ಕೂರಿಸಿ. ಒಬ್ಬರು ಬಟ್ಟೆ ತೊಟ್ಟು ದಡದಲ್ಲಿರಲಿ, ಸರದಿಯಂತೆ ಇಳಿಯಿರಿ.

ದಾರಿಯಲ್ಲಿ ಯಾರಿಗಾದರೂ ವಿಪರೀತ ನಡುಕ, ತೊದಲು ಮಾತು, ತೂರಾಡುವ ನಡಿಗೆ ಶುರುವಾಗಿದ್ದರೆ ಅದು ಹೈಪೋಥರ್ಮಿಯಾ. ಬಿಸಿನೀರು ಎದುರಿಗೇ ಇದೆಯೆಂದು ಅವರನ್ನು ಅದರೊಳಗೆ ಇಳಿಸಬೇಡಿ. ದಿಢೀರನೆ ರಕ್ತದೊತ್ತಡ ಕುಸಿದು ಕುಸಿದುಬೀಳಬಹುದು. ಒಣಬಟ್ಟೆ, ಗಾಳಿಮರೆ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಹಿಮಕಡಿತದಿಂದ ಬೆಳ್ಳಗೆ ಗಟ್ಟಿಯಾದ ಬೆರಳನ್ನೂ ಬುಗ್ಗೆಯಲ್ಲಿ ಅದ್ದಬಾರದು. ಒಮ್ಮೆ ಕರಗಿದ ಬೆರಳು ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಹಾಳಾಗುತ್ತದೆ.

ಸೋಪು, ಶಾಂಪೂ ಯಾವುದೂ ಬೇಡ. ಅಂಚಿನಲ್ಲಿ ಹಸಿರು, ಕಿತ್ತಳೆ ಬಣ್ಣದ ಲೋಳೆಪದರ ಕಂಡರೆ ಕೆರೆಯಬೇಡಿ, ಅದು ಜೀವಂತವಾದದ್ದು. 1966ರಲ್ಲಿ ಯೆಲ್ಲೋಸ್ಟೋನಿನ ಬುಗ್ಗೆಯಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಪಡೆದರು. ಅದರ ಕಿಣ್ವವೇ ಮುಂದೆ ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿ ಮಾಡುವ ಪಿಸಿಆರ್ ತಂತ್ರಕ್ಕೆ ಆಧಾರವಾಯಿತು. ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪರೀಕ್ಷೆಯ ಬೇರು ಇಂಥದೊಂದು ಲೋಳೆಯಲ್ಲಿತ್ತು ಎಂದು ತಿಳಿದ ಮೇಲೆ ನನಗೆ ಬುಗ್ಗೆಯ ಅಂಚನ್ನು ತುಳಿಯಲು ಮನಸ್ಸೇ ಬರುವುದಿಲ್ಲ.

7. ಎದ್ದು ಬನ್ನಿ

ಮೊದಲು ಅಂಚಿಗೆ ಬಂದು ಸೊಂಟದವರೆಗೆ ನೀರಿನಲ್ಲೇ ಒಂದು ನಿಮಿಷ ಕೂರಿ. ತಲೆ ಸುತ್ತದಿದ್ದರೆ ಏಳಿ. ಏಳುವಾಗ ಮೈಯಿಂದ ಹಬೆ ಬರುತ್ತಿರುತ್ತದೆ, ಚಳಿಯೇ ಗೊತ್ತಾಗುವುದಿಲ್ಲ. ಮೋಸ ಇರುವುದು ಇಲ್ಲೇ: ಹಿಗ್ಗಿದ ರಕ್ತನಾಳಗಳಿಂದ ಶಾಖ ಸುರಿದುಹೋಗುತ್ತಿರುವುದೇ ಆ ಬೆಚ್ಚನೆಯ ಭಾವಕ್ಕೆ ಕಾರಣ. ಫೋಟೋಗೆಂದು ನಿಲ್ಲಬೇಡಿ. ಚಳಿ ಅನಿಸುವ ಮೊದಲೇ ಮೈಯ ಮೇಲ್ಭಾಗ ಮುಚ್ಚಿರಬೇಕು.

ಚಾಪೆಯ ಮೇಲೆ ನಿಂತು ಎದೆ, ಬೆನ್ನು, ತೋಳು ಒರೆಸಿ. ಒದ್ದೆ ಈಜುಡುಗೆಯ ಮೇಲ್ಭಾಗ ತೆಗೆದು ಒಣ ಅಂಗಿ, ಜಾಕೆಟ್ ತೊಡಿ. ಆಮೇಲೆ ಎರಡನೇ ಟವೆಲ್ ಸುತ್ತಿಕೊಂಡು ಕೆಳಗಿನದು. ಪಾದಕ್ಕೆ ಹೆಚ್ಚು ಹೊತ್ತು ಕೊಡಿ. ನೀರಿನಲ್ಲಿ ನೆನೆದು ಮೆತ್ತಗಾದ ಅಂಗಾಲು ಇಳಿಜಾರಿನಲ್ಲಿ ಬೇಗ ಬೊಬ್ಬೆ ಏಳುತ್ತದೆ, ಬೆರಳ ಸಂದುಗಳನ್ನೂ ಒರೆಸಿ ಹೊಸ ಕಾಲುಚೀಲ ಹಾಕಿ. ಎಲ್ಲ ಮುಗಿದ ಮೇಲೆ ಫ್ಲಾಸ್ಕ್ ತೆರೆಯಿರಿ, ಏನಾದರೂ ತಿನ್ನಿ. ಒದ್ದೆ ಬಟ್ಟೆ ಹಿಂಡಿ ಕಟ್ಟಿ, ತಡಮಾಡದೆ ಹೊರಡಿ.

8. ಇಳಿಯುವ ದಾರಿ

ಬುಗ್ಗೆಯಿಂದ ಹೊರಡುವ ಮೊದಲೇ ಸ್ಪೈಕ್ ಹಾಕಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಕರಗಿದ ದಾರಿ ನೆರಳು ಬಿದ್ದ ಕೂಡಲೇ ಮತ್ತೆ ಹೆಪ್ಪುಗಟ್ಟುತ್ತದೆ, ಸ್ನಾನದ ಮೇಲೆ ಕಾಲು ಬೇರೆ ಸಡಿಲಾಗಿರುತ್ತದೆ. ಮೊದಲ ಹತ್ತು ನಿಮಿಷ ದಪ್ಪ ಜಾಕೆಟ್ಟಿನಲ್ಲೇ ನಡೆದು, ಮೈ ಬೆಚ್ಚಗಾದ ಮೇಲೆ ಬಿಚ್ಚಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರ ಮುಖ ಇನ್ನೊಬ್ಬರು ನೋಡಿ: ಮೂಗು, ಕೆನ್ನೆ ಬಿಳಿಚಿಕೊಂಡಿದ್ದರೆ ಬೆಚ್ಚಗಿನ ಅಂಗೈಯಿಂದ ಮುಚ್ಚಿ, ಉಜ್ಜಬೇಡಿ.

ಕೆಳಗೆ ತಲುಪಿದ ಮೇಲೆ ದಾರಿಯ ವಿವರ ಬರೆದು ಕೊಟ್ಟವರಿಗೆ ಮೊದಲು ಸುದ್ದಿ ಮುಟ್ಟಿಸಿ. ಮುಂದಿನ ಎರಡು ವಾರದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಕಾಣಿಸಿಕೊಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ, ಬಿಸಿನೀರ ಬುಗ್ಗೆಗೆ ಇಳಿದಿದ್ದೆ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ.